'ಎನೇಬಲ್ ಕಂಟೆಂಟ್' ಗುಂಡಿಗೆ, ತಾನೇ ಓಡುವ ಮ್ಯಾಕ್ರೋಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ತಿಪಟೂರಿನ ಕೊಬ್ಬರಿ ಮಂಡಿಗಳಲ್ಲಿ ಲೆಕ್ಕ ಬರೆಯುವವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಬಿಲ್ಲು, ದರಪಟ್ಟಿ ಎಲ್ಲ ಈಗ ವರ್ಡ್, ಎಕ್ಸೆಲ್ ಫೈಲಾಗಿ ಬರುತ್ತವೆ. ಅವುಗಳ ಒಳಗೆ ಮ್ಯಾಕ್ರೋ, ಅಂದರೆ ಚಿಕ್ಕ ಪ್ರೋಗ್ರಾಂ, ಅಡಗಿರಬಹುದು ಅಂತ ತಿಳಿಸಬೇಕು. 'ಮ್ಯಾಕ್ರೋ' ಹಾಗೇ ಇರಲಿ. ಅದರ ಸುತ್ತಲಿನ ಮಾತುಗಳಿಗೇ ಕನ್ನಡ ಬೇಕು.

ಮೊದಲಿಗೆ 'ಎನೇಬಲ್ ಕಂಟೆಂಟ್'. ಫೈಲ್ ತೆರೆದಾಗ ಮೇಲೆ ಹಳದಿ ಪಟ್ಟಿ ಬರುತ್ತದಲ್ಲ, ಅದರಲ್ಲಿರುವ ಗುಂಡಿ. ಇಲ್ಲಿ ಕೇಳಿದರೆ 'ಅದನ್ನ ಒತ್ತಿದ್ರೇನೇ ಒಳಗಿರೋದು ಕಾಣೋದು' ಅನ್ನುತ್ತಾರೆ. ಕಂಟೆಂಟ್ ಅಂದರೆ ಬರಹ, ಅಂಕಿ ಅಂತ ಅವರ ಅರ್ಥ. ನಿಜವಾಗಿ ಬರಹ ಮೊದಲೇ ಕಾಣುತ್ತಿರುತ್ತದೆ. ಗುಂಡಿ ಒತ್ತಿದರೆ ಸಿಗುವುದು ಒಳಗಿನ ಮ್ಯಾಕ್ರೋದ ಕೋಡ್‌ಗೆ ಅಪ್ಪಣೆ. ಮೋಸಗಾರರಿಗೆ ಇದು ಚೆನ್ನಾಗಿ ಗೊತ್ತು. ಫೈಲಿನಲ್ಲಿ ಮಸುಕಾದ ಚಿತ್ರ ಹಾಕಿ, 'ಸರಿಯಾಗಿ ಕಾಣಲು ಮೇಲಿನ ಗುಂಡಿ ಒತ್ತಿ' ಅಂತ ಬರೆದಿರುತ್ತಾರೆ. 'ವಿಷಯ ಸಕ್ರಿಯಗೊಳಿಸಿ' ಅಂತ ಪದಕ್ಕೆ ಪದ ಇಟ್ಟರೆ ಈ ತಪ್ಪು ತಿಳಿವಳಿಕೆ ಇನ್ನೂ ಗಟ್ಟಿಯಾಗುತ್ತದೆ, ಅಲ್ವಾ? 'ಕೋಡ್‌ಗೆ ಅಪ್ಪಣೆ ಕೊಡಿ' ಅನ್ನೋದು ನನಗೆ ಹಿಡಿಸಿದೆ. 'ಕೋಡ್ ಓಡಲು ಬಿಡಿ' ಅಂದರೆ ತಪ್ಪಿಸಿಕೊಂಡು ಹೋಗಲು ಬಿಟ್ಟ ಹಾಗೆ ಕೇಳಿಸುತ್ತದೆ.

ಎರಡನೆಯದು, ತೆರೆದ ಕೂಡಲೇ ಓಡುವ ಗುಣ. ವರ್ಡ್‌ನಲ್ಲಿ ಮ್ಯಾಕ್ರೋಗೆ 'ಆಟೋಓಪನ್' ಅಂತ ಹೆಸರಿಟ್ಟಿದ್ದು, ಅಪ್ಪಣೆಯೂ ಸಿಕ್ಕಿದರೆ ಸಾಕು, ಫೈಲ್ ತೆರೆದಾಗಲೆಲ್ಲ ಅದು ತಾನೇ ಓಡುತ್ತದೆ. 1999ರ ಮೆಲಿಸ್ಸಾ ವೈರಸ್ ಕೂಡ ಫೈಲ್ ತೆರೆದ ಕೂಡಲೇ ಎದ್ದು, ಔಟ್‌ಲುಕ್‌ನ ವಿಳಾಸಪಟ್ಟಿಯ ಮೊದಲ 50 ಜನರಿಗೆ ತನ್ನನ್ನೇ ಮೇಲ್ ಮಾಡಿಕೊಳ್ಳುತ್ತಿತ್ತು. ಇಂಟರ್‌ನೆಟ್‌ನಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ತಾನಾಗಿಯೇ ತಡೆಯತೊಡಗಿದ್ದು 2022ರಲ್ಲಿ. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬಂದ ಫೈಲಿಗೆ ಸಾಮಾನ್ಯವಾಗಿ ಆ ತಡೆ ಇರುವುದಿಲ್ಲ. ಮಂಡಿಯಲ್ಲಿ ಪೆನ್‌ಡ್ರೈವೇ ಜಾಸ್ತಿ.

ಇದಕ್ಕೆ 'ಸ್ವಯಂಚಾಲಿತ' ಅಂದರೆ ಅನುಕೂಲವಷ್ಟೇ ಕೇಳಿಸುತ್ತದೆ, ಅಪಾಯ ಕೇಳಿಸುವುದಿಲ್ಲ. ನಮ್ಮ ತುಮಕೂರು ಕಡೆ ಬೋರ್‌ವೆಲ್‌ಗೆ ಆಟೋ ಸ್ಟಾರ್ಟರ್ ಇಟ್ಟವರು 'ಆಟೋ ಹಾಕಿದೀನಿ' ಅನ್ನುತ್ತಾರೆ. ಕರೆಂಟು ಬಂದ ಕೂಡಲೇ ಮೋಟಾರು ತಾನೇ ಶುರುವಾಗುತ್ತದೆ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ. ಅದರ ಅನುಕೂಲ, ಅಪಾಯ ಎರಡೂ ಇಲ್ಲಿನವರಿಗೆ ಗೊತ್ತು. ಅದಕ್ಕೇ 'ಆಟೋ ಮ್ಯಾಕ್ರೋ' ಅಂತಲೇ ಬರೆಯಬೇಕು ಅನಿಸುತ್ತಿದೆ. 'ತಂತಾನೇ ಓಡುವ ಮ್ಯಾಕ್ರೋ' ಅಚ್ಚುಕಟ್ಟಾಗಿದೆ, ಆದರೆ ಪದೇ ಪದೇ ಬರೆಯಲು ಉದ್ದ.

ಕೋಲಾರ, ಚಿಕ್ಕಬಳ್ಳಾಪುರದ ಗೆಳೆಯರು ಒಂದು ವಿಷಯ ತಿಳಿಸಿ. ನಿಮ್ಮ ಕಡೆ ಬರೀ 'ಆಟೋ' ಅಂದರೆ ಮೋಟಾರಿನ ಆಟೋ ನೆನಪಾಗುತ್ತದೋ, ಬಾಡಿಗೆ ಆಟೋನೋ? ಬಾಡಿಗೆ ಆಟೋನೇ ಆದರೆ ಬೇರೆ ಪದ ಹುಡುಕಬೇಕು.