ಓಸಿಡಿಗೆ ಮಾತ್ರೆ ಜೊತೆ ಥೆರಪಿ ಬೇಕೇಬೇಕಾ?

ಸಾಗರದ_ಸೊಸೆ
ನಮ್ಮತ್ತೆಗೆ ಓಸಿಡಿ (ಬೇಡದ ಯೋಚನೆ ಪದೇ ಪದೇ ಬಂದು, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸೋ ಕಾಯಿಲೆ) ಅಂತ ಡಾಕ್ಟ್ರು ಹೇಳಿದಾರೆ. ಇಷ್ಟು ವರ್ಷ ಎಲ್ರೂ ಮಡಿ ಅಂತ್ಲೇ ಅಂದ್ಕೊಂಡಿದ್ರು, ಹಾಲಿನ ಪ್ಯಾಕೆಟ್‌ಗೆ ಸೋಪು, ಕೈ ತೊಳ್ಕೊಂಡು ನಲ್ಲಿ ನಿಲ್ಲಿಸಿದ್ರೆ ಕೈ ಮತ್ತೆ ಮೈಲಿಗೆ ಆಯ್ತು ಅಂತ ನಲ್ಲಿನೂ ತೊಳೆಯೋದು, ಈಗ ಬೆರಳ ಸಂದಿ ಬಿರುಕು ಬಿಟ್ಟು ರಕ್ತ ಬರ್ತಿದೆ. ಫ್ಲುಯೊಕ್ಸೆಟಿನ್ ಕೊಟ್ಟು, ಸೈಕಾಲಜಿಸ್ಟ್ ಹತ್ರ ಥೆರಪಿಗೂ ಹೋಗಿ ಅಂದಿದಾರೆ. ಕಾಯಿಲೆ ಮೆದುಳಲ್ಲಿದ್ರೆ ಮಾತ್ರೆ ಸಾಕಲ್ಲ, ಮಾತಾಡಿದ್ರೆ ಮೆದುಳು ಸರಿಹೋಗುತ್ತಾ ಅಂತಾರೆ ಮಾವ. ಮಾತ್ರೆ ಶುರುವಾಗಿ ಎರಡು ವಾರ ಆಯ್ತು, ಏನೂ ವ್ಯತ್ಯಾಸ ಕಾಣ್ತಿಲ್ಲ.

ನರತಂತು
ಎರಡು ವಾರಕ್ಕೆ ಏನೂ ಗೊತ್ತಾಗಲ್ಲ ಮೇಡಂ. ಓಸಿಡಿಗೆ ಈ ಥರದ ಮಾತ್ರೆ ಕೆಲಸ ಮಾಡುತ್ತೋ ಇಲ್ವೋ ಹೇಳೋಕೆ 8ರಿಂದ 12 ವಾರ ಬೇಕು, ಡೋಸೂ ಡಿಪ್ರೆಶನ್‌ಗಿಂತ ಜಾಸ್ತಿನೇ ಬೇಕಾಗ್ಬಹುದು. ಮಾತ್ರೆಯಿಂದ ಮೆದುಳಲ್ಲಿ ಸೆರೊಟೊನಿನ್ ಅನ್ನೋ ರಾಸಾಯನಿಕ ಏರೋದು ಕೆಲವೇ ಗಂಟೆಗಳಲ್ಲಿ, ಆದ್ರೆ ನರಕೋಶಗಳು ಅದಕ್ಕೆ ಹೊಂದ್ಕೊಳ್ಳೋದು ನಿಧಾನ. ನೀವೇ ನಿಲ್ಲಿಸ್ಬೇಡಿ.

ಮಾವನಿಗೆ ಇದನ್ನ ಹೇಳಿ: 1992ರಲ್ಲಿ ಲಾಸ್ ಏಂಜಲೀಸ್‌ನ ಲೂಯಿಸ್ ಬ್ಯಾಕ್ಸ್‌ಟರ್ ತಂಡ ಓಸಿಡಿ ಇರೋ ಕೆಲವ್ರಿಗೆ ಇದೇ ಫ್ಲುಯೊಕ್ಸೆಟಿನ್, ಇನ್ ಕೆಲವ್ರಿಗೆ ಬರೀ ಬಿಹೇವಿಯರ್ ಥೆರಪಿ ಕೊಟ್ಟು ಮೊದ್ಲೂ ಆಮೇಲೂ ಪೆಟ್ ಸ್ಕ್ಯಾನ್ (ಮೆದುಳಿನ ಯಾವ ಭಾಗ ಎಷ್ಟು ಕೆಲಸ ಮಾಡ್ತಿದೆ ಅಂತ ತೋರಿಸೋ ಸ್ಕ್ಯಾನ್) ಮಾಡಿದ್ರು. ಎರಡೂ ಕಡೆ ಹುಷಾರಾದವ್ರಲ್ಲಿ ಮೆದುಳಿನ ಬಲಗಡೆ ಕಾಡೇಟ್ ಅನ್ನೋ ಭಾಗ ಗ್ಲೂಕೋಸ್ ಬಳಸೋದು ಕಮ್ಮಿ ಆಗಿತ್ತು, ಅಂದ್ರೆ ಆ ಭಾಗದ ಚಟುವಟಿಕೆ ತಗ್ಗಿತ್ತು. ಸಣ್ಣ ಅಧ್ಯಯನ, ಆದ್ರೂ ಮಾತ್ರೆ ಮಾತ್ರ ಮೆದುಳು ಮುಟ್ಟುತ್ತೆ ಅನ್ನೋ ವಾದಕ್ಕೆ ಇಷ್ಟು ಸಾಕು. ಮತ್ತೆ ಈ ಥೆರಪಿ ಬರೀ ಮಾತೂ ಅಲ್ಲ, ಇಆರ್‌ಪಿ ಅಂತಾರೆ, ನಲ್ಲಿ ಮುಟ್ಟಿಸ್ತಾರೆ, ಕೈ ತೊಳೆಯೋಕೆ ಬಿಡಲ್ಲ, ಭಯ ಏರಿ ತಾನಾಗೇ ಇಳಿಯೋವರ್ಗೂ ಪಕ್ಕದಲ್ಲಿ ಕೂತಿರ್ತಾರೆ.

ಸುಮ್ನೆ_ಕೇಳ್ದೆ
ನ್ಯೂರೋಪ್ಲಾಸ್ಟಿಸಿಟಿ (ಕಲಿತಂಗೆ ಮೆದುಳು ಬದಲಾಗೋದು) ಅಂತ ಹೇಳ್ಕೊಂಡು ಆ್ಯಪು, ಕೋರ್ಸು ಮಾರೋರೇ ಈಗ ಜಾಸ್ತಿ, ಹುಷಾರು. ಹಳೇ ಭಯ ಅಳಿಸಿಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ.

ನರತಂತು
ಆ ಮಾತು ಒಪ್ತೀನಿ. ಹಳೇದು ಅಳಿಯಲ್ಲ, ‘ಮುಟ್ಟಿದ್ರೂ ಏನಾಗ್ಲಿಲ್ಲ’ ಅನ್ನೋ ಹೊಸ ಪಾಠ ಅದರ ಪಕ್ಕದಲ್ಲಿ ಕೂರುತ್ತೆ, ಹಳ್ಳ ಮುಚ್ಚಿ ರಸ್ತೆ ಮಾಡಿದಂಗಲ್ಲ, ಪಕ್ಕದಲ್ಲಿ ಬೈಪಾಸ್ ಹಾಕಿದಂಗೆ. ಹೊಸ ಪಾಠ ಕಲಿತ ಜಾಗಕ್ಕೇ ಅಂಟ್ಕೊಂಡಿರೋದೂ ಜಾಸ್ತಿ. ಕ್ಲಿನಿಕ್ಕಲ್ಲಿ ಧೈರ್ಯವಾಗಿ ಮುಟ್ಟಿದವ್ರು ಮನೆ ಬಚ್ಚಲಲ್ಲಿ ನಡುಗ್ತಾರೆ, ಅದಕ್ಕೇ ಮನೇಲೂ ಹೋಮ್‌ವರ್ಕ್ ಕೊಡೋದು.

ತೊಳೆದ_ಕೈ
ನಂಗೂ ಇದೇ ಕಾಯಿಲೆ. ಇಆರ್‌ಪಿ ಶುರುವಲ್ಲಿ ನರಕ, ಸುಳ್ಳು ಹೇಳಲ್ಲ, ಕೂತಲ್ಲೇ ಬೆವರ್ತಿದ್ದೆ. ಮಾತ್ರೆ ತಗೊಂಡಿದ್ರಿಂದ್ಲೇ ಅಷ್ಟೊತ್ತು ಕೂರೋಕಾಗಿದ್ದು ಅನ್ಸುತ್ತೆ. ಭಯ ಆಗ್ದಂಗೆ ಮಾಡಿದ್ರೆ ಪ್ರಯೋಜನ ಇಲ್ಲ ಅಂತಿದ್ರು ನಮ್ ಥೆರಪಿಸ್ಟ್, ಆ ಭಯ ಇರುವಾಗ್ಲೇ ಕಲೀಬೇಕಂತೆ. ಇನ್ನೊಂದು, ಅತ್ತೆ ‘ಕ್ಲೀನಾಗಿದ್ಯಾ’ ಅಂತ ಕೇಳಿದಾಗೆಲ್ಲ ಮನೆಯವ್ರು ‘ಆಗಿದೆ ಆಗಿದೆ’ ಅಂತ ಸಮಾಧಾನ ಮಾಡ್ತಿದ್ರೆ ಕಾಯಿಲೆಗೇ ಬಲ ಬರುತ್ತೆ.

ಸಾಗರದ_ಸೊಸೆ
ಅಯ್ಯೋ, ನಮ್ಮಾವ ಅವ್ರಿಗೋಸ್ಕರ ಪಾತ್ರೆ ಪಗಡೆನೂ ಎರಡೆರಡು ಸಲ ತೊಳೆದುಕೊಡ್ತಾರೆ! ನಾಳೆಯಿಂದ್ಲೇ ನಿಲ್ಸಿ ಅಂತ ಹೇಳ್ಲಾ?

ತೊಳೆದ_ಕೈ
ಬೇಡ ಬೇಡ, ಒಂದೇ ಸಲ ನಿಲ್ಸಿದ್ರೆ ರಂಪ ಆಗುತ್ತೆ. ಮಾವನ್ನೂ ಸೆಷನ್‌ಗೆ ಕರ್ಕೊಂಡು ಹೋಗಿ, ಯಾವ್ದು ಮೊದ್ಲು ಬಿಡೋದು ಅಂತ ಮೂರೂ ಜನ ಕೂತು ಪಟ್ಟಿ ಮಾಡ್ಲಿ. ಅಪಾಯಿಂಟ್‌ಮೆಂಟ್ ತಡ ಆದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡೋದೇನಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.