ಬ್ರಿಟನ್ ವಿದ್ಯಾರ್ಥಿ ವೀಸಾ: ಅಪ್ಪನ ಖಾತೆಯ ಹಣ ಎರಡು ದಿನ ಕಡಿಮೆಯಾದರೆ 28 ದಿನಗಳ ಲೆಕ್ಕ ಹೇಗೆ?

ಪ್ರಶ್ನೆ (ಶಿರಸಿಯ ವಿದ್ಯಾರ್ಥಿನಿ, ಆಗಸ್ಟ್ 6)

ಎಲ್ಲರಿಗೂ ನಮಸ್ಕಾರ. ಲಂಡನ್ನಿನ ಹೊರಗಿನ ವಿಶ್ವವಿದ್ಯಾಲಯವೊಂದರಲ್ಲಿ ಒಂದು ವರ್ಷದ ಎಂ.ಎಸ್ಸಿ. ಓದಲು ನನಗೆ ಪ್ರವೇಶ ದೊರೆತಿದ್ದು, ತರಗತಿಗಳು ಸೆಪ್ಟೆಂಬರ್ 22ರಂದು ಆರಂಭವಾಗುತ್ತವೆ. ನಮ್ಮದು ಅಡಿಕೆ ತೋಟದ ಮನೆಯಾದ್ದರಿಂದ ಉಳಿತಾಯವೆಲ್ಲ ಸೊಸೈಟಿಯಲ್ಲಿತ್ತು. ಅಪ್ಪ ಅದನ್ನು ಜುಲೈ 9ರಂದು ರಾಷ್ಟ್ರೀಕೃತ ಬ್ಯಾಂಕಿನ ತಮ್ಮ ಖಾತೆಗೆ ವರ್ಗಾಯಿಸಿದರು. ಆದರೆ ಮಳೆ ಬಿಡುವು ಕೊಟ್ಟಾಗ ಕೊಳೆರೋಗಕ್ಕೆ ಎರಡನೆಯ ಸಲ ಬೋರ್ಡೋ ದ್ರಾವಣ ಹೊಡೆಸಲೆಂದು, ವೀಸಾಕ್ಕೆ ತೋರಿಸಬೇಕಾದ ಹಣ ಸತತ 28 ದಿನ ಖಾತೆಯಲ್ಲಿರಬೇಕೆಂಬ ನಿಯಮದ ಅರಿವಿಲ್ಲದೆ, ಜುಲೈ 28ರಂದು ಅದೇ ಖಾತೆಯಿಂದ 60,000 ರೂಪಾಯಿ ತೆಗೆದರು. ತೋರಿಸಬೇಕಾದ ಮೊತ್ತಕ್ಕಿಂತ ಸುಮಾರು 40,000 ರೂಪಾಯಿ ಕಡಿಮೆ ಬಿತ್ತು. ಜುಲೈ 30ರಂದು ಮತ್ತೆ ತುಂಬಿದ್ದೇವೆ. ಈಗ ದಿನಗಳನ್ನು ಎಲ್ಲಿಂದ ಎಣಿಸಬೇಕು? ತೋಟದ ಮೌಲ್ಯಮಾಪನ ಪತ್ರವನ್ನು ಲಗತ್ತಿಸಿದರೆ ಈ ಕೊರತೆ ತುಂಬೀತೇ?

ಉತ್ತರ 1 (ಲೀಡ್ಸ್‌ನಲ್ಲಿ ಓದು ಮುಗಿಸಿದ ಮಂಗಳೂರಿನವರು)

ಒಂದೇ ದಿನ ಕಡಿಮೆಯಾದರೂ ಎಣಿಕೆ ಮೊದಲಿನಿಂದ ಆರಂಭವಾಗುತ್ತದೆ. ಜುಲೈ 30ರಿಂದ ಎಣಿಸಿದರೆ 28ನೆಯ ದಿನ ಆಗಸ್ಟ್ 26. ಬಯೋಮೆಟ್ರಿಕ್ ಕೊಟ್ಟ ಮೇಲೆ ನಿರ್ಧಾರಕ್ಕೆ ಸಾಮಾನ್ಯವಾಗಿ ಮೂರು ವಾರ ಹಿಡಿಯುವುದರಿಂದ ನಿಮಗೆ ಸಮಯ ಬಹಳ ಬಿಗಿಯಾಗುತ್ತದೆ. ತೋಟ, ಚಿನ್ನ, ಷೇರು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಹಣವನ್ನು ಬ್ಯಾಂಕಿಗೆ ತಂದದ್ದು ಮಾತ್ರ ಒಳ್ಳೆಯದಾಯಿತು, ಏಕೆಂದರೆ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಇಡದ ಸಂಸ್ಥೆಗಳ ಠೇವಣಿಯನ್ನು ವೀಸಾ ಅಧಿಕಾರಿಗಳು ಒಪ್ಪುವುದಿಲ್ಲ. ಅಪ್ಪನ ಖಾತೆಯನ್ನು ತೋರಿಸಲು ನಿಮ್ಮ ಜನನ ಪ್ರಮಾಣಪತ್ರ ಮತ್ತು ಅವರು ಸಹಿ ಮಾಡಿದ ಒಪ್ಪಿಗೆ ಪತ್ರ ಬೇಕು. ಪ್ರಮಾಣಪತ್ರದಲ್ಲೂ ಪಾಸ್‌ಬುಕ್ಕಿನಲ್ಲೂ ಅಪ್ಪನ ಹೆಸರು ಒಂದೇ ರೀತಿ ಇದೆಯೇ ಎಂದು ಇಂದೇ ನೋಡಿ. ನಮ್ಮ ಕಡೆ ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಪೂರ್ಣ ಹೆಸರು ಇರುವುದು ಸಾಮಾನ್ಯ.

ಉತ್ತರ 2 (ಬೆಂಗಳೂರಿನ ಪೋಷಕರು)

ಮೇಲಿನ ಉತ್ತರ ಸರಿಯಾಗಿದೆ, ಆದರೆ ಇನ್ನೊಂದು ದಾರಿಯೂ ಇದೆ. ತೋರಿಸಬೇಕಾದ ಮೊತ್ತವೆಂದರೆ ಬಾಕಿ ಉಳಿದ ಬೋಧನಾ ಶುಲ್ಕ ಮತ್ತು ಒಂಬತ್ತು ತಿಂಗಳ ಜೀವನವೆಚ್ಚ. 2025ರ ನವೆಂಬರ್ 11ರಿಂದ ಲಂಡನ್ನಿನ ಹೊರಗೆ ತಿಂಗಳಿಗೆ 1,171 ಪೌಂಡ್, ಅಂದರೆ ಒಟ್ಟು 10,539 ಪೌಂಡ್ ಜೀವನವೆಚ್ಚ. ವಿಶ್ವವಿದ್ಯಾಲಯದ ವಸತಿಗೆ ಮುಂಗಡ ಕಟ್ಟಿದ್ದರೆ ಮಾತ್ರ ಇದರಲ್ಲಿ ಸ್ವಲ್ಪ ಇಳಿಯುತ್ತದೆ; ಶುಲ್ಕದ ಬಾಕಿಯನ್ನು ಇಳಿಸಬಹುದು. ಬೇರೆ ಖಾತೆಯಿಂದ ಇನ್ನೊಂದು ಸಾವಿರ ಪೌಂಡ್ ಶುಲ್ಕ ಕಟ್ಟಿ, ಅದನ್ನು ಸಿಎಎಸ್‌ನಲ್ಲಿ (ಪ್ರವೇಶವನ್ನು ದೃಢಪಡಿಸಿ ವಿಶ್ವವಿದ್ಯಾಲಯ ವೀಸಾಕ್ಕಾಗಿ ಕೊಡುವ ದಾಖಲೆ) ನಮೂದಿಸಲು ವಿಶ್ವವಿದ್ಯಾಲಯವನ್ನು ಕೇಳಿಕೊಳ್ಳಿ. ಆಗ ಜುಲೈ 28ರಂದು ಉಳಿದಿದ್ದ ಹಣವೇ ಸಾಕಾಗಿ, ಜುಲೈ 9ರಿಂದ ಆಗಸ್ಟ್ 5ರವರೆಗಿನ 28 ದಿನಗಳು ಹಾಗೆಯೇ ಉಳಿಯುತ್ತವೆ. ಆ ಅವಧಿಯ ಕೊನೆಯ ದಿನದಿಂದ 31 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ರೂಪಾಯಿಯ ವಿನಿಮಯ ದರವನ್ನು ಅರ್ಜಿಯ ದಿನದಂತೆ ನೋಡುವುದರಿಂದ ಸ್ವಲ್ಪ ಹೆಚ್ಚೇ ಕಟ್ಟುವುದು ಕ್ಷೇಮ.

ವೀಸಾ ಅರ್ಜಿಯ ಜೊತೆ ಕಟ್ಟುವ ಆರೋಗ್ಯ ಶುಲ್ಕ ವರ್ಷಕ್ಕೆ 776 ಪೌಂಡ್. ಓದು ಮುಗಿದ ಮೇಲೂ ನಾಲ್ಕು ತಿಂಗಳು ವೀಸಾ ಇರುವುದರಿಂದ ಒಂದೂವರೆ ವರ್ಷದ ಲೆಕ್ಕದಲ್ಲಿ 1,164 ಪೌಂಡ್ ಕಟ್ಟಬೇಕಾಗುತ್ತದೆ. ದಯವಿಟ್ಟು ಅದನ್ನೂ ಅಪ್ಪನ ಆ ಖಾತೆಯಿಂದ ತೆಗೆಯಬೇಡಿ.

ಉತ್ತರ 3 (ಧಾರವಾಡದವರು)

ನಿಮ್ಮದೇ ಹೆಸರಿನಲ್ಲಿ ಶಿಕ್ಷಣ ಸಾಲ ಮಂಜೂರಾದರೆ, ಆ ಪತ್ರ ಆರು ತಿಂಗಳಿಗಿಂತ ಹಳೆಯದಲ್ಲದಿದ್ದರೆ ಸಾಕು, 28 ದಿನಗಳ ನಿಯಮ ಅದಕ್ಕಿಲ್ಲ. ಕ್ಷಯರೋಗ ಪರೀಕ್ಷೆಯನ್ನು ಮಾನ್ಯತೆ ಪಡೆದ ಕ್ಲಿನಿಕ್‌ನಲ್ಲಿಯೇ ಮಾಡಿಸಬೇಕು. ಅದಕ್ಕೆ ಈಗಲೇ ದಿನ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು. ಸೋದರಮಾವ ಶುಲ್ಕ ಕಟ್ಟಲು ಒಪ್ಪಿದ್ದಾರೆ. ಸಿಎಎಸ್ ತಿದ್ದುಪಡಿಗಾಗಿ ಇಂದೇ ವಿಶ್ವವಿದ್ಯಾಲಯಕ್ಕೆ ಬರೆಯುತ್ತೇನೆ. ಅಪ್ಪನ ಹೆಸರು ಎರಡೂ ಕಡೆ ಬೇರೆಬೇರೆಯಾಗಿಯೇ ಇದೆ. ನಾಳೆ ಬೆಳಿಗ್ಗೆ ಬ್ಯಾಂಕಿಗೆ ಹೋಗುತ್ತಿದ್ದೇವೆ.