ನಮ್ಮ ಗಣಿತದ ಮಾಸ್ಟ್ರ ಬಗ್ಗೆ ಹೇಗೆ ಬರೆಯಲಿ?

ಪ್ರಶ್ನೆ (ಉಡುಪಿಯಿಂದ, ಹಳೆ ವಿದ್ಯಾರ್ಥಿ)

ಉಡುಪಿ ಸಮೀಪದ ಒಂದು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗಣಿತ ಕಲಿಸಿದ ನಮ್ಮ ಮಾಸ್ಟ್ರು ಕಳೆದ ತಿಂಗಳು ತೀರಿಕೊಂಡರು. ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಸಣ್ಣದೊಂದು ನೆನಪಿನ ಸಂಚಿಕೆ ತರುವುದೆಂದು ನಿಶ್ಚಯಿಸಿದ್ದೇವೆ. ಅದರ ಮುಖ್ಯ ಲೇಖನದ ಹೊಣೆ ನನ್ನ ಮೇಲೆ ಬಿದ್ದಿದೆ.

ಮೊದಲ ಕರಡಿನಲ್ಲಿ ಅವರ ಬದುಕನ್ನು ಎರಡು ಭಾಗ ಮಾಡಿ, ಒಂದರಲ್ಲಿ ಗಣಿತ ಶಿಕ್ಷಕರನ್ನೂ ಇನ್ನೊಂದರಲ್ಲಿ ಪರಿಸರ ಪ್ರೇಮಿಯನ್ನೂ ಇಟ್ಟಿದ್ದೆ. ಬರೆದು ಮುಗಿಸಿ ಓದಿದಾಗ ಅದರಲ್ಲಿ ನಮ್ಮ ಮಾಸ್ಟ್ರು ಎಲ್ಲಿಯೂ ಸಿಗಲಿಲ್ಲ. ‘ಸರಳ ಸಜ್ಜನ’, ‘ಹಸಿರಿನ ಆರಾಧಕ’ ಎಂಬ ಮಾತುಗಳನ್ನು ಯಾರ ಬಗೆಗಾದರೂ ಬರೆಯಬಹುದು. ನನಗೆ ನೆನಪಿರುವ ಮಾಸ್ಟ್ರು ಎಂಟನೆಯ ತರಗತಿಯ ಮೊದಲ ವಾರದಲ್ಲೇ ನಮ್ಮನ್ನು ಅಂಗಳಕ್ಕೆ ಕರೆದೊಯ್ದು, ತಮ್ಮ ಕೊಡೆಯನ್ನು ನೆಟ್ಟಗೆ ಹಿಡಿದು ನಿಂತು, ಅದರ ನೆರಳನ್ನೂ ರೆಂಜೆ ಮರದ ನೆರಳನ್ನೂ ನಮ್ಮಿಂದ ಅಳೆಸಿದವರು. 90 ಸೆಂಟಿಮೀಟರಿನ ಕೊಡೆಗೆ 60 ಸೆಂಟಿಮೀಟರ್ ನೆರಳಿದ್ದರೆ, 8 ಮೀಟರ್ ನೆರಳಿರುವ ಮರದ ಎತ್ತರ ಎಷ್ಟು ಎಂದು ಅವರು ಕೇಳಿದರು. ಹನ್ನೆರಡು ಎಂದು ನಾನು ಕೂಗಿದೆ. ‘ಹನ್ನೆರಡು ಏನು, ಮೊಳವೋ ಮಾರೋ?’ ಎಂದು ಅವರು ತಿರುಗಿ ಕೇಳಿದ್ದು ಇಂದಿಗೂ ಕಿವಿಯಲ್ಲಿದೆ. ಆ ದಿನದ ಪಾಠ ಸಮರೂಪ ತ್ರಿಭುಜಗಳದ್ದೋ ರೆಂಜೆ ಮರದ್ದೋ ಎಂದು ನನಗೆ ಇವತ್ತಿಗೂ ಬೇರ್ಪಡಿಸಿ ಹೇಳಲಾಗುವುದಿಲ್ಲ. ಅವರಲ್ಲಿ ಕಲಿತವರು, ಒಡನಾಡಿದವರು ದಯವಿಟ್ಟು ನಿಮ್ಮ ಕಣ್ಣಾರೆ ಕಂಡದ್ದನ್ನು ಬರೆಯಿರಿ. ಹೊಗಳಿಕೆ ನನ್ನ ಬಳಿಯೇ ಬೇಕಾದಷ್ಟಿದೆ.

ಉತ್ತರ 1 (ಮಂಗಳೂರಿನಿಂದ)

ನಿಮ್ಮ ಕರಡು ಸೋತದ್ದು ಎಲ್ಲಿ ಎಂಬುದಕ್ಕೆ ದುಂಬಿಗಳ ಲೆಕ್ಕವೇ ಉತ್ತರವೆಂದು ನನಗೆ ತೋರುತ್ತದೆ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಲೀಲಾವತಿಯಲ್ಲಿ ಆ ಲೆಕ್ಕವಿದೆ. ದುಂಬಿಗಳ ಹಿಂಡಿನಲ್ಲಿ ಐದನೆಯ ಒಂದು ಭಾಗ ಕದಂಬಕ್ಕೂ ಮೂರನೆಯ ಒಂದು ಭಾಗ ಶಿಲೀಂಧ್ರಕ್ಕೂ ಹೋಗುತ್ತದೆ. ಆ ಎರಡರ ವ್ಯತ್ಯಾಸದ ಮೂರರಷ್ಟು ಕುಟಜಕ್ಕೆ ಹೋಗುತ್ತದೆ. ಉಳಿದ ಒಂದೇ ಒಂದು ದುಂಬಿ ಕೇತಕಿ ಮತ್ತು ಮಾಲತಿಯ ಪರಿಮಳಗಳ ನಡುವೆ ಅತ್ತ ಹೋಗಲೋ ಇತ್ತ ಹೋಗಲೋ ಎಂದು ಸುಳಿದಾಡುತ್ತದೆ. ಹಾಗಾದರೆ ದುಂಬಿಗಳು ಒಟ್ಟು ಎಷ್ಟು?

ಹದಿನೈದು ಎಂದು ನಾವು ಬೇಗನೆ ಕಂಡುಹಿಡಿದೆವು: ಮೂರು, ಐದು, ಆರು, ಒಂದು. ಬೇರೆ ಯಾವ ಶಿಕ್ಷಕರಾದರೂ ಅಲ್ಲಿಗೆ ಪುಸ್ತಕ ಮುಚ್ಚುತ್ತಿದ್ದರು. ನಮ್ಮ ಮಾಸ್ಟ್ರು ‘ಕುಟಜ ಎಂದರೆ ಯಾವ ಗಿಡ?’ ಎಂದು ಕೇಳಿದರು. ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಶನಿವಾರ ಮಧ್ಯಾಹ್ನ ಅವರು ನಮ್ಮನ್ನು ಶಾಲೆಯ ಹಿಂದಿನ ಗುಡ್ಡೆಗೆ ಹತ್ತಿಸಿ ಬಿಳಿ ಹೂವಿನ ಕೊಡಸಿಗೆಯ ಗಿಡವೊಂದನ್ನು ತೋರಿಸಿದರು. ನಮ್ಮ ಅಮ್ಮಂದಿರು ಅದರ ಕುಡಿಯಿಂದ ತಂಬುಳಿ ಮಾಡುತ್ತಿದ್ದರು. ಕೊಡಚಾದ್ರಿಗೆ ಕುಟಜಾದ್ರಿ ಎಂಬ ಹೆಸರು ಬಂದದ್ದೂ ಅದರಿಂದಲೇ. ಹೊಳೆಯ ಬದಿಯ ಕೇದಗೆಯೇ ಕೇತಕಿ ಎಂದು ಅಂದೇ ತಿಳಿಯಿತು. ಶಿಲೀಂಧ್ರವೆಂಬ ಪದ ಅಣಬೆಗೂ ಬಾಳೆಯ ಹೂವಿಗೂ ಸಲ್ಲುತ್ತದೆಂದು ವಿವರಿಸಿ, ದುಂಬಿ ಯಾವುದಕ್ಕೆ ಹೋದೀತೆಂಬುದನ್ನು ನಮ್ಮ ವಿವೇಚನೆಗೇ ಬಿಟ್ಟರು.

ಇಳಿದು ಬರುವಾಗ ನಮ್ಮಲ್ಲೊಬ್ಬಳು ‘ಕದಂಬ ಮಳೆಗಾಲದಲ್ಲಿ ಹೂ ಬಿಡುತ್ತದೆ, ಇದು ಬೇಸಿಗೆಯಲ್ಲೇ ಅರಳಿದೆ, ಒಂದೇ ದಿನ ದುಂಬಿಗಳು ಎರಡಕ್ಕೂ ಹೋಗುವುದು ಹೇಗೆ?’ ಎಂದು ಕೇಳಿದಳು. ಮಾಸ್ಟ್ರು ದಾರಿಯ ನಡುವೆಯೇ ನಿಂತುಬಿಟ್ಟರು. ಅಷ್ಟು ವರ್ಷಗಳಲ್ಲಿ ತಮಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲವೆಂದು ಎಲ್ಲರೆದುರೇ ಒಪ್ಪಿಕೊಂಡರು. ಮುಂದಿನ ಒಂದು ವರ್ಷ ಯಾವ ಗಿಡ ಯಾವಾಗ ಹೂ ಬಿಟ್ಟಿತು, ಯಾವಾಗ ಮುಗಿಸಿತು ಎಂದು ಸರದಿಯ ಮೇಲೆ ಬರೆದಿಡುವುದು ನಮ್ಮ ತರಗತಿಯ ಕೆಲಸವಾಯಿತು. ಮಳೆ ಹಿಡಿದ ಜೂನ್ ತಿಂಗಳಲ್ಲಿ, ಕೊಡಸಿಗೆಯ ಕೊನೆಯ ಹೂಗಳು ಇನ್ನೂ ಇರುವಾಗಲೇ, ಕದಂಬದ ಮೊದಲ ಚೆಂಡುಗಳು ಕಾಣಿಸಿಕೊಂಡವು. ಆಕೆ ಅದನ್ನು ವರದಿ ಮಾಡಿದ ದಿನ ಮಾಸ್ಟ್ರು ಕಪ್ಪು ಹಲಗೆಯ ಮೇಲೆ ಆ ತಾರೀಕನ್ನು ಬರೆದು, ಒಂದು ವಾರ ಅಳಿಸಲು ಬಿಡಲಿಲ್ಲ. ನಾನಂತೂ ಇದನ್ನು ಲೇಖನದ ಎರಡು ಭಾಗಗಳಲ್ಲಿ ಯಾವುದರಲ್ಲೂ ಇಡಲಾರೆ.

ಉತ್ತರ 2 (ಮಣಿಪಾಲದಿಂದ, ಈಗ ಸ್ವತಃ ಶಿಕ್ಷಕಿ)

ಮೇಲಿನವರ ಮಾತು ನಿಜ. ಅದಕ್ಕೆ ಮಳೆಯ ಲೆಕ್ಕವನ್ನೂ ಸೇರಿಸಿಕೊಳ್ಳಿ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುತ್ತದೆ. ಶಾಲೆಯ ಹಂಚಿನ ಮಾಡು 200 ಚದರ ಮೀಟರ್ ಎಂದು ನಾವೇ ಹಗ್ಗ ಹಿಡಿದು ಅಳೆದಿದ್ದೆವು. ಉತ್ತರ 8 ಲಕ್ಷ ಲೀಟರ್ ಎಂದು ಬಂದಾಗ ಸೊನ್ನೆ ಹೆಚ್ಚಾಗಿದೆಯೆಂದು ಮೂರು ಸಲ ತಿದ್ದಿದೆವು. ದಿನಕ್ಕೆ 500 ಲೀಟರ್ ಬಳಸುವ ಒಂದು ಮನೆಗೆ ಅದು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಸಾಕಾಗುವ ನೀರು. ಆದರೂ ಮಾರ್ಚ್ ಮುಗಿಯುವ ಹೊತ್ತಿಗೆ ಶಾಲೆಯ ಬಾವಿಯ ತಳ ಕಾಣುತ್ತಿತ್ತು, ನಾವು ಮನೆಯಿಂದ ಬಾಟಲಿ ತರುತ್ತಿದ್ದೆವು. ಮುಂದಿನ ಭಾನುವಾರ ಮಾಸ್ಟ್ರು ಹಾರೆ ಹಿಡಿದು ಮುರಕಲ್ಲಿನ ನೆಲದಲ್ಲಿ ಇಂಗುಗುಂಡಿ ತೋಡಲು ತೊಡಗಿದ್ದರು. ಅವರು ಯಾರನ್ನೂ ಕರೆದಿರಲಿಲ್ಲ. ಮಧ್ಯಾಹ್ನದೊಳಗೆ ನಾವು ಹನ್ನೊಂದು ಮಂದಿ ಅಲ್ಲಿದ್ದೆವು.

ಇನ್ನೊಂದು ಮಾತು. ಏಪ್ರಿಲ್ 25ರ ಸುಮಾರಿಗೆ ಉಡುಪಿಯಲ್ಲಿ ಸೂರ್ಯ ನೆತ್ತಿಯ ನೇರಕ್ಕೆ ಬರುವುದರಿಂದ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ನಮ್ಮ ಗಡಿಯಾರದ ಸಮಯವನ್ನು ನಿರ್ಧರಿಸುವ ರೇಖಾಂಶಕ್ಕಿಂತ ಉಡುಪಿ ಪಶ್ಚಿಮದಲ್ಲಿರುವುದರಿಂದ ಅದು ಹನ್ನೆರಡಕ್ಕಲ್ಲ, 12 ಗಂಟೆ 29 ನಿಮಿಷದ ಹೊತ್ತಿಗೆ ನಡೆಯುತ್ತದೆ. ಆಗಸ್ಟ್ ನಡುವಿನಲ್ಲಿ ಬರುವ ಇಂಥದ್ದೇ ದಿನವನ್ನು ಮೋಡ ಮುಚ್ಚುತ್ತದೆ. ಏಪ್ರಿಲ್‌ನಲ್ಲಿ ಶಾಲೆಗೆ ರಜೆಯಿರುತ್ತಿದ್ದುದರಿಂದ ಮಾಸ್ಟ್ರು ನಮ್ಮನ್ನು ತಮ್ಮ ಮನೆಯಂಗಳಕ್ಕೇ ಕರೆಯುತ್ತಿದ್ದರು. ಎಲ್ಲರೂ ಕಂಬಗಳಂತೆ ನಿಂತು ನಮ್ಮ ನೆರಳು ಪಾದದಡಿ ಸೇರುವುದನ್ನು ನೋಡುತ್ತಿದ್ದೆವು. ಆಮೇಲೆ ಪುನರ್ಪುಳಿ ಶರಬತ್ತು. ಈಗ ನನ್ನ ವಿದ್ಯಾರ್ಥಿಗಳಿಗೂ ಪ್ರತಿ ವರ್ಷ ಇದನ್ನು ತೋರಿಸುತ್ತೇನೆ.

ಉತ್ತರ 3 (ಮಲ್ಪೆಯಿಂದ)

ಸೇಂಟ್ ಮೇರೀಸ್ ದ್ವೀಪದ ಪ್ರವಾಸವನ್ನು ಬಿಡಬೇಡಿ. ಲಾವಾ ತಣಿದು ಕುಗ್ಗುವಾಗ ಬಿರುಕುಗಳು ಸುಮಾರು 120 ಡಿಗ್ರಿಯಲ್ಲಿ ಕೂಡುವುದರಿಂದ ಅಲ್ಲಿನ ಕಲ್ಲಿನ ಕಂಬಗಳಿಗೆ ಆರು ಮುಖ ಬರುತ್ತದೆಂದು ಹೇಳಿಕೊಟ್ಟು, ಆರು ಮುಖಗಳಿಲ್ಲದ ಕಂಬಗಳನ್ನು ಹುಡುಕಲು ಕಳುಹಿಸಿದರು. ಐದು ಮುಖದ್ದನ್ನು ಕಂಡವನು ನಾನು. ಓದಿನಲ್ಲಿ ಹಿಂದಿದ್ದ ನನ್ನನ್ನು ಅವರು ಎಲ್ಲರೆದುರು ಮೆಚ್ಚಿದ್ದು ಅದೊಂದೇ ಸಲ, ನನಗೆ ಅಷ್ಟು ಸಾಕಾಗಿತ್ತು.

ಉತ್ತರ 4 (ಅವರ ನೆರೆಮನೆಯವರು)

ನೀವು ಬರೆದ ಆ ರೆಂಜೆ ಮರ ಈಗ ಇಲ್ಲ. ಕೆಲವು ವರ್ಷಗಳ ಹಿಂದೆ ರಸ್ತೆ ಅಗಲ ಮಾಡುವಾಗ ಅದು ಹೋಯಿತು. ಮರವನ್ನು ಉಳಿಸಲು ಮಾಸ್ಟ್ರು ಬರೆದ ಮನವಿಗಳಿಗೆ ಉತ್ತರ ಬರಲಿಲ್ಲ. ಕಡಿಯುವ ಹಿಂದಿನ ಸಂಜೆ ಅವರ ಜೊತೆ ನಾನಿದ್ದೆ. ಅವರು ಎಂದಿನ ಹಗ್ಗವನ್ನು ಎದೆಯ ಮಟ್ಟದಲ್ಲಿ ಕಾಂಡಕ್ಕೆ ಸುತ್ತಿ, ಗಂಟುಗಳನ್ನು ಎಣಿಸಿ, ಪುಸ್ತಕದಲ್ಲಿ ಬರೆದುಕೊಂಡರು. ಆ ಪುಸ್ತಕದಲ್ಲಿ ಪ್ರತಿ ವರ್ಷ ಶಾಲೆ ತೆರೆಯುವ ದಿನದ ಅಳತೆಯಿದೆ. ಒಂದು ವರ್ಷವೂ ತಪ್ಪಿಲ್ಲ. ಆಮೇಲೆ ಮರದಡಿ ಕುಕ್ಕುರುಗಾಲಲ್ಲಿ ಕುಳಿತು, ಬಿದ್ದ ಹಣ್ಣುಗಳಿಂದ ಬೀಜಗಳನ್ನು ಆರಿಸಿ ಅಂಗಿಯ ಜೇಬಿಗೆ ತುಂಬಿಕೊಂಡರು. ಹಾಲಿನ ತೊಟ್ಟೆಗಳಲ್ಲಿ ಸಸಿ ಎಬ್ಬಿಸಿ ಕೇಳಿದವರಿಗೆಲ್ಲ ಕೊಟ್ಟರು. ಕೊಡುವಾಗ ಹಾಕುತ್ತಿದ್ದ ಷರತ್ತು ಒಂದೇ, ಪ್ರತಿ ಜೂನ್‌ನಲ್ಲಿ ಅಳೆದು ತಿಳಿಸಬೇಕು. ನಮ್ಮ ಅಂಗಳದ ಗಿಡವನ್ನು ಕಳೆದ ಜೂನ್‌ನಲ್ಲಿ ಅವರೇ ಕೋಲೂರಿಕೊಂಡು ಬಂದು ಅಳೆದರು. ಪುಸ್ತಕ ಈಗ ನನ್ನ ಬಳಿ ಇದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಹಳೆಯ ಕರಡನ್ನು ಕೈಬಿಟ್ಟಿದ್ದೇನೆ. ಲೇಖನವನ್ನು ಆ ಸಂಜೆಯ ಹಗ್ಗದಿಂದಲೇ ಆರಂಭಿಸುತ್ತೇನೆ. ನೆರೆಮನೆಯವರು ಪುಸ್ತಕದ ಪುಟಗಳ ಚಿತ್ರ ಕಳುಹಿಸಿದರೆ ಉಪಕಾರವಾಗುತ್ತದೆ. ಮಾಸ್ಟ್ರಿಂದ ರೆಂಜೆ ಸಸಿ ಪಡೆದವರು ಅದು ಎಲ್ಲಿದೆ, ಈಗಿನ ಸುತ್ತಳತೆ ಎಷ್ಟು ಎಂದು ಇಲ್ಲಿ ಬರೆಯಿರಿ. ಸಂಚಿಕೆಯ ಕೊನೆಯ ಪುಟದಲ್ಲಿ ಆ ಪಟ್ಟಿಯನ್ನು ಅಚ್ಚು ಹಾಕೋಣ. ಸಂಖ್ಯೆಯ ಮುಂದೆ ಏಕಮಾನವನ್ನೂ ಬರೆಯಿರಿ.